ಸರ್ ಐಸಾಕ್ ನ್ಯೂಟನ್ (1642–1727): ಉಪಗ್ರಹಗಳ ಕಕ್ಷೆಗೆ ಲೆಕ್ಕ ಒದಗಿಸಿದ ವಿಜ್ಞಾನಿ

ಗುರುತ್ವಾಕರ್ಷಣೆ ಇಲ್ಲದಷ್ಟು ಎತ್ತರದಲ್ಲಿರುವುದರಿಂದಲೇ ಉಪಗ್ರಹವು ಕೆಳಗೆ ಬೀಳುವುದಿಲ್ಲ ಎಂಬ ಭಾವನೆ ಅನೇಕರಲ್ಲಿದೆ. ಇದು ಸರಿಯಲ್ಲ. ಉಪಗ್ರಹವು ಪ್ರತಿ ಕ್ಷಣವೂ ಭೂಮಿಯ ಕಡೆಗೆ ಬೀಳುತ್ತಲೇ ಇರುತ್ತದೆ. ಮೊದಲ ಉಪಗ್ರಹದ ಉಡಾವಣೆಗೆ 270 ವರ್ಷಗಳ ಮೊದಲೇ ಇದಕ್ಕೆ ಆಧಾರವಾದ ಗಣಿತವನ್ನು ಪ್ರಕಟಿಸಿದವರು ಇಂಗ್ಲೆಂಡಿನ ಸರ್ ಐಸಾಕ್ ನ್ಯೂಟನ್‌ರವರು. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಸಂಕ್ಷಿಪ್ತ ವಿವರವನ್ನು ಇಲ್ಲಿ ನೀಡಲಾಗಿದೆ.

ಇಂಗ್ಲೆಂಡಿನಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಕ್ಯಾಲೆಂಡರಿನ ಪ್ರಕಾರ ನ್ಯೂಟನ್‌ರವರು 1642ರ ಡಿಸೆಂಬರ್ 25ರಂದು ಲಿಂಕನ್‌ಷೈರ್ ಪ್ರಾಂತ್ಯದ ವೂಲ್ಸ್‌ಥಾರ್ಪ್ ಗ್ರಾಮದಲ್ಲಿ ಜನಿಸಿದರು. ತಂದೆ ಅದಕ್ಕೆ ಮೂರು ತಿಂಗಳ ಮೊದಲೇ ತೀರಿಕೊಂಡಿದ್ದರು. ತಾಯಿ ಮರುವಿವಾಹವಾದ ನಂತರ ಬಾಲಕನು ಅಜ್ಜಿಯ ಆಶ್ರಯದಲ್ಲಿ ಬೆಳೆದನು. ಬೇಸಾಯ ನೋಡಿಕೊಳ್ಳಲೆಂದು ತಾಯಿ ಶಾಲೆ ಬಿಡಿಸಿದರಾದರೂ ಆ ಕೆಲಸ ಅವರಿಗೆ ಒಗ್ಗಲಿಲ್ಲ. ಸೋದರಮಾವ ಮತ್ತು ಶಾಲೆಯ ಮುಖ್ಯೋಪಾಧ್ಯಾಯರ ಒತ್ತಾಯದಿಂದ ಓದು ಮುಂದುವರಿದು, 1661ರಲ್ಲಿ ಕೇಂಬ್ರಿಡ್ಜ್‌ನ ಟ್ರಿನಿಟಿ ಕಾಲೇಜನ್ನು ಸೇರಿದರು.

1665ರಲ್ಲಿ ಪ್ಲೇಗ್ ಹರಡಿ ವಿಶ್ವವಿದ್ಯಾಲಯವನ್ನು ಮುಚ್ಚಿದಾಗ ನ್ಯೂಟನ್‌ರವರು ಸ್ವಗ್ರಾಮಕ್ಕೆ ಮರಳಿದರು. ಈ ಅವಧಿಯಲ್ಲಿ ಹಾಗೂ ಅದರ ನಂತರದ ಕೆಲವು ವರ್ಷಗಳಲ್ಲಿ ಅವರು ವೃತ್ತಾಕಾರದ ಚಲನೆಯನ್ನು ಕುರಿತು ಚಿಂತಿಸಿದರು. ಕವಣೆಯಲ್ಲಿ ತಿರುಗುವ ಕಲ್ಲನ್ನು ಹಗ್ಗವು ಕೇಂದ್ರದತ್ತ ಎಳೆದು ಹಿಡಿದಿರುತ್ತದೆ. ಹಗ್ಗ ಬಿಟ್ಟೊಡನೆ ಕಲ್ಲು ನೇರವಾಗಿ ಹೊರಟುಹೋಗುತ್ತದೆ. ಚಂದ್ರನಿಗೆ ಹಗ್ಗವಿಲ್ಲ. ಆ ಹಗ್ಗದ ಕೆಲಸವನ್ನು ಮಾಡುತ್ತಿರುವುದು ಭೂಮಿಯ ಆಕರ್ಷಣೆಯೇ ಎಂಬುದು ಇತ್ಯರ್ಥವಾಗಬೇಕಾಗಿದ್ದ ಪ್ರಶ್ನೆ.

ಚಂದ್ರನಿರುವ ದೂರ ಭೂಮಿಯ ತ್ರಿಜ್ಯದ ಸುಮಾರು 60 ಪಟ್ಟು. ಆಕರ್ಷಣೆಯು ದೂರದ ವರ್ಗಕ್ಕೆ ಅನುಗುಣವಾಗಿ ಕುಗ್ಗುವುದಾದರೆ ಅಲ್ಲಿ ಅದು 3,600ರಲ್ಲಿ ಒಂದು ಭಾಗವಾಗಬೇಕು. ಭೂಮಿಯ ಮೇಲೆ ಕೈಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ ಸುಮಾರು 4.9 ಮೀಟರ್ ಬೀಳುತ್ತದೆ. ಬೀಳುವ ದೂರವು ಕಾಲದ ವರ್ಗದಂತೆ ಹೆಚ್ಚುವುದರಿಂದ, ಚಂದ್ರನು ತನ್ನ ನೇರ ದಾರಿಯಿಂದ ಅಷ್ಟೇ ದೂರ ಬೀಳಲು 60 ಸೆಕೆಂಡು, ಅಂದರೆ ಒಂದು ನಿಮಿಷ, ಬೇಕು. ಆದರೆ ಭೂಮಿಯ ಗಾತ್ರಕ್ಕೆ ಅವರು ಮೊದಲು ಬಳಸಿದ ಅಳತೆ ವಾಸ್ತವಕ್ಕಿಂತ ಕಡಿಮೆಯಿದ್ದ ಕಾರಣ ಲೆಕ್ಕ ಪೂರ್ಣವಾಗಿ ತಾಳೆಯಾಗಲಿಲ್ಲ. ಫ್ರಾನ್ಸಿನ ಪಿಕಾರ್ಡ್‌ರವರ ನಿಖರ ಅಳತೆಯನ್ನು ಬಳಸಿದಾಗ ತಾಳೆಯಾಯಿತು.

1669ರಲ್ಲಿ ನ್ಯೂಟನ್‌ರವರು ಕೇಂಬ್ರಿಡ್ಜ್‌ನಲ್ಲಿ ಗಣಿತ ಪ್ರಾಧ್ಯಾಪಕರಾದರು. 1679ರಲ್ಲಿ ರಾಬರ್ಟ್ ಹುಕ್‌ರವರು ಪತ್ರ ಬರೆದು, ಗ್ರಹದ ಚಲನೆಯನ್ನು ನೇರ ಚಲನೆ ಮತ್ತು ಕೇಂದ್ರದತ್ತ ಸೆಳೆತ ಇವೆರಡರ ಸಂಯೋಗವಾಗಿ ನೋಡಬಹುದೆಂದು ಸೂಚಿಸಿದರು. ಈ ಸೂಚನೆ ಉಪಯುಕ್ತವಾಗಿತ್ತು. ಮುಂದೆ ಹುಕ್‌ರವರು ಮನ್ನಣೆ ಕೇಳಿದಾಗ ನ್ಯೂಟನ್‌ರವರು ಕೋಪಗೊಂಡು ಗ್ರಂಥದ ಮೂರನೇ ಭಾಗವನ್ನೇ ತಡೆಹಿಡಿಯಲು ಮುಂದಾದರು. ಅಷ್ಟು ದೊಡ್ಡ ವಿದ್ವಾಂಸರಿಗೆ ಇದು ಶೋಭಿಸುವ ನಡವಳಿಕೆಯಾಗಿರಲಿಲ್ಲ.

ಗ್ರಂಥವು ಬೆಳಕು ಕಂಡದ್ದು ಎಡ್ಮಂಡ್ ಹ್ಯಾಲಿಯವರಿಂದ. 1684ರಲ್ಲಿ ಕೇಂಬ್ರಿಡ್ಜ್‌ಗೆ ಬಂದ ಅವರು, ಆಕರ್ಷಣೆ ಈ ರೀತಿ ಕುಗ್ಗುವುದಾದರೆ ಗ್ರಹದ ಪಥ ಯಾವ ಆಕಾರದ್ದೆಂದು ವಿಚಾರಿಸಿದರು. ದೀರ್ಘವೃತ್ತವೆಂದು ಉತ್ತರ ದೊರೆಯಿತು. ಲೆಕ್ಕದ ಹಾಳೆ ಮಾತ್ರ ಸಿಗಲಿಲ್ಲ. ಹೊಸದಾಗಿ ಬರೆಯಲು ಆರಂಭಿಸಿದ ಆ ಲೆಕ್ಕವೇ ಬೆಳೆದು 1687ರಲ್ಲಿ ಪ್ರಿನ್ಸಿಪಿಯಾ ಎಂಬ ಗ್ರಂಥವಾಯಿತು. ಆ ವೇಳೆಗೆ ರಾಯಲ್ ಸೊಸೈಟಿಯು ಮುದ್ರಣಕ್ಕಿದ್ದ ಹಣವನ್ನು ಮೀನುಗಳನ್ನು ಕುರಿತ ಒಂದು ಪುಸ್ತಕಕ್ಕೆ ವೆಚ್ಚ ಮಾಡಿತ್ತು. ಆದುದರಿಂದ ಹ್ಯಾಲಿಯವರು ಮುದ್ರಣದ ವೆಚ್ಚವನ್ನು ತಾವೇ ಭರಿಸಿದರು. ಸೊಸೈಟಿಯಿಂದ ಅವರಿಗೆ ಬರಬೇಕಾಗಿದ್ದ ಸಂಬಳಕ್ಕೆ ಬದಲಾಗಿ ಮಾರಾಟವಾಗದೆ ಉಳಿದ ಮೀನಿನ ಪುಸ್ತಕದ ಪ್ರತಿಗಳನ್ನು ನೀಡಲಾಯಿತು!

1696ರಿಂದ ನ್ಯೂಟನ್‌ರವರು ಲಂಡನ್ನಿನ ಸರ್ಕಾರಿ ಟಂಕಸಾಲೆಯಲ್ಲಿ ಅಧಿಕಾರಿಯಾಗಿ ಸೇವೆ ಸಲ್ಲಿಸಿದರು. ಹೆಸರಿಗಷ್ಟೇ ಹುದ್ದೆ ಎಂದು ಭಾವಿಸದೆ ಖೋಟಾ ನಾಣ್ಯ ತಯಾರಕರನ್ನು ಖುದ್ದಾಗಿ ವಿಚಾರಣೆ ಮಾಡಿದರು. 1703ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷರಾದರು. 1705ರಲ್ಲಿ ಸರ್ ಪದವಿ ಪಡೆದರು. 1727ರ ಮಾರ್ಚ್‌ನಲ್ಲಿ ನಿಧನರಾದರು.

ಅವರ ಮರಣಾನಂತರ 1728ರಲ್ಲಿ ಪ್ರಕಟವಾದ ಪುಸ್ತಕವೊಂದರಲ್ಲಿ ಒಂದು ಚಿತ್ರವಿದೆ. ಎತ್ತರದ ಬೆಟ್ಟದ ತುದಿಯಿಂದ ಅಡ್ಡಲಾಗಿ ಎಸೆದ ವಸ್ತುವು ವೇಗ ಹೆಚ್ಚಿದಂತೆಲ್ಲ ದೂರ ದೂರ ಬೀಳುತ್ತದೆ. ಒಂದು ವೇಗದಲ್ಲಿ ನೆಲಕ್ಕೆ ತಾಗದೆ ಭೂಮಿಯನ್ನೇ ಸುತ್ತುತ್ತದೆ. ನೆಲದ ಸಮೀಪದಲ್ಲಿ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೆ, ಈ ವೇಗ ಸೆಕೆಂಡಿಗೆ ಸುಮಾರು 7.9 ಕಿಲೋಮೀಟರ್. ವಸ್ತುವು ಅಷ್ಟು ಮುಂದೆ ಸಾಗುವಾಗ 4.9 ಮೀಟರ್ ಬೀಳುತ್ತದೆ. ಭೂಮಿಯ ಮೈಯೂ ಅಷ್ಟೇ ಬಾಗಿ ಕೆಳಗಿಳಿದಿರುತ್ತದೆ. ವಸ್ತು ಹಗುರವಿರಲಿ, ಭಾರವಿರಲಿ, ಬೇಕಾದ ವೇಗ ಒಂದೇ. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟದ ಸ್ಪುಟ್ನಿಕ್ ಇದನ್ನು ಕಾರ್ಯತಃ ತೋರಿಸಿತು.

ನಮ್ಮ ರಾಜ್ಯದ ಹಾಸನದಲ್ಲಿರುವ ಇಸ್ರೋ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ನೋಡಿಕೊಳ್ಳುವ ಭೂಸ್ಥಿರ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಆಕರ್ಷಣೆಯು ನೆಲದ ಮೇಲಿರುವುದರ ಸುಮಾರು 44ರಲ್ಲಿ ಒಂದು ಭಾಗವಷ್ಟೇ ಇರುವುದರಿಂದ ಸೆಕೆಂಡಿಗೆ 3.07 ಕಿಲೋಮೀಟರ್ ವೇಗ ಸಾಕಾಗುತ್ತದೆ. ಪ್ರತಿ ಸೆಕೆಂಡಿನಲ್ಲಿ ಅವು ತಮ್ಮ ನೇರ ದಾರಿಯಿಂದ ಭೂಮಿಯ ಕಡೆಗೆ ಸುಮಾರು 11 ಸೆಂಟಿಮೀಟರ್ ಬೀಳುತ್ತವೆ.