ಕಂಪ್ಲಿಯ ಗಂಡುಗಲಿ

1938ರಲ್ಲಿ ಚಿತ್ರಕಥೆಯ ಪುಟಗಳಲ್ಲಿ ಹುಟ್ಟಿದ ಸೂಪರ್‌ಮ್ಯಾನ್ 1978ರ ಚಲನಚಿತ್ರದಿಂದ ಲೋಕವನ್ನೇ ಸುತ್ತಿದನು. ತುಂಗಭದ್ರೆಯ ತೀರದ ಕಂಪ್ಲಿಗೆ ಅದಕ್ಕೂ ಆರು ಶತಮಾನ ಮೊದಲೇ ತನ್ನದೇ ಆದ ವೀರನಿದ್ದನು. ಅವನೇ ಕಂಪಿಲರಾಯನ ಮಗ ಕುಮಾರರಾಮ.

ಆಟದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬಿದ್ದಾಗ, ಅದನ್ನರಸಿ ಹೋದ ಕುಮಾರನನ್ನು ಆಕೆ ಮೋಹಿಸಿದಳೆಂದು ಕಥೆ. ಅವನು ನಿರಾಕರಿಸಿದನು. ಆಕೆ ಸುಳ್ಳು ದೂರಿತ್ತಳು. ತಂದೆ ವಿಚಾರಿಸದೆ ಮರಣದಂಡನೆ ವಿಧಿಸಿದನು. ಆದಿಕಾಂಡದ ಜೋಸೆಫನ ನೆನಪು ಓದುಗರಿಗೆ ಬಾರದಿರದು. ಆದರೆ ಅವನಿಗೆ ದೊರೆತದ್ದು ಸೆರೆ, ಇವನಿಗೆ ಸಾವಿನ ಆಜ್ಞೆ. ಮಂತ್ರಿ ಬೈಚಪ್ಪನು ರಾಜಕುಮಾರನನ್ನು ಗುಟ್ಟಾಗಿ ಅಡಗಿಸಿ ಬೇರೊಂದು ತಲೆಯನ್ನು ತೋರಿಸಿದನು.

ಮಹಮ್ಮದ್ ಬಿನ್ ತುಘಲಕ್‌ನ ವಿರುದ್ಧ ದಂಗೆಯೆದ್ದ ಬಹಾವುದ್ದೀನ್ ಗುರ್ಶಾಸ್ಪನಿಗೆ ಕಂಪಿಲರಾಯನು ಆಶ್ರಯವಿತ್ತದ್ದು ಮಾತ್ರ ಇತಿಹಾಸ. 1327ರಲ್ಲಿ ದೆಹಲಿಯ ಸೇನೆ ಕಂಪ್ಲಿ ರಾಜ್ಯವನ್ನು ಅಳಿಸಿತು. ತನ್ನನ್ನು ಕೊಲ್ಲಹೇಳಿದ ತಂದೆಯ ನಾಡಿಗಾಗಿಯೇ ಕುಮಾರರಾಮನು ಹೊರಬಂದು, ಕಾದಿ ಮಡಿದನೆನ್ನುತ್ತದೆ ಕಾವ್ಯ. ಒಂಬತ್ತು ವರ್ಷಗಳಾದ ಮೇಲೆ, 1336ರಲ್ಲಿ, ಹಂಪಿಯಲ್ಲಿ ವಿಜಯನಗರ ತಲೆಯೆತ್ತಿತು.

ಹೊಸಪೇಟೆ, ಸಂಡೂರುಗಳ ಸುತ್ತಲಿನ ಈ ಸೀಮೆಯ ವೀರನನ್ನು ನಂಜುಂಡಕವಿ ಸಾಂಗತ್ಯದಲ್ಲಿ ಹಾಡಿದನು. 2006ರಲ್ಲಿ ಎಚ್.ಆರ್. ಭಾರ್ಗವ ಅವರು ಶಿವರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿ ‘ಗಂಡುಗಲಿ ಕುಮಾರರಾಮ’ ಚಿತ್ರವನ್ನು ನಿರ್ದೇಶಿಸಿದರು. ಇಂತಹ ಕಥೆಯನ್ನು ತೆರೆಗೆ ತರುವುದು ಸುಲಭವಲ್ಲ. ಹಾರುವ ನಾಯಕನನ್ನು ಮುಂದಿನ ಭಾಗಕ್ಕಾಗಿ ಉಳಿಸಿಕೊಳ್ಳಬಹುದು, ಇವನು ಮಡಿಯಲೇಬೇಕು. ಕತ್ತಿಯ ಹೊಳಪನ್ನು ಕ್ಯಾಮೆರಾ ಬೇಗ ಹಿಡಿಯುತ್ತದೆ. ಮಲತಾಯಿಯ ಬಾಗಿಲಿನಿಂದ ಮಾತಿಲ್ಲದೆ ಹಿಂದಿರುಗಿದ ತರುಣನನ್ನು ತೋರಿಸುವುದಕ್ಕೆ ಬೇರೆಯೇ ಕಲೆ ಬೇಕು.

ಮಕ್ಕಳೊಡನೆ ಹಂಪಿಗೆ ಹೋಗುವವರು ನದಿಯಾಚೆಯ ಗಂಗಾವತಿ ಸೀಮೆಯಲ್ಲಿರುವ ಅವನ ಕುಮ್ಮಟದುರ್ಗವನ್ನೂ ನೋಡಿ ಬರಬಹುದು.