ತಿರುಮಲೈ ಕೃಷ್ಣಮಾಚಾರ್ಯ

ತಿರುಮಲೈ ಕೃಷ್ಣಮಾಚಾರ್ಯ (ನವೆಂಬರ್ 18, 1888 – ಫೆಬ್ರವರಿ 28, 1989) ಕರ್ನಾಟಕ ಮೂಲದ ಯೋಗಾಚಾರ್ಯರು, ಸಂಸ್ಕೃತ ವಿದ್ವಾಂಸರು ಹಾಗೂ ಆಯುರ್ವೇದ ವೈದ್ಯರು. ಇಪ್ಪತ್ತನೆಯ ಶತಮಾನದಲ್ಲಿ ಯೋಗಾಸನಗಳನ್ನು ದೇಹದ ಆರೋಗ್ಯ ಮತ್ತು ಚಲನಶಕ್ತಿಗಾಗಿ ಜನಸಾಮಾನ್ಯರೂ ಅಭ್ಯಾಸ ಮಾಡುವಂತೆ ರೂಪಿಸಿದವರಲ್ಲಿ ಇವರು ಪ್ರಮುಖರು. ಮೈಸೂರಿನ ಅರಸರಾಗಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆಯನ್ನು ನಡೆಸಿದರು. ಬಿ. ಕೆ. ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್, ಇಂದ್ರಾ ದೇವಿ ಹಾಗೂ ಟಿ. ಕೆ. ವಿ. ದೇಶಿಕಾಚಾರ್ ಇವರ ಶಿಷ್ಯರು. ಇವರ ಬೋಧನೆ ಈ ಶಿಷ್ಯರ ಮೂಲಕ ಪ್ರಪಂಚದ ಹಲವು ದೇಶಗಳನ್ನು ತಲುಪಿತು.

ಜನನ ಮತ್ತು ಬಾಲ್ಯ

ಕೃಷ್ಣಮಾಚಾರ್ಯರು ಅಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರ ಎಂಬ ಗ್ರಾಮದಲ್ಲಿ ಶ್ರೀವೈಷ್ಣವ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯ, ತಾಯಿ ರಂಗನಾಯಕಮ್ಮ. ಆರು ಮಕ್ಕಳಲ್ಲಿ ಇವರೇ ಹಿರಿಯರು. ವೇದಾಧ್ಯಯನದ ಜೊತೆಗೆ ಆಸನ ಮತ್ತು ಪ್ರಾಣಾಯಾಮದ ಮೊದಲ ಪಾಠಗಳೂ ತಂದೆಯಿಂದಲೇ ದೊರೆತವು. ಹತ್ತು ವರ್ಷ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡ ಬಳಿಕ ಕುಟುಂಬವು ಮೈಸೂರಿಗೆ ಬಂದು ನೆಲೆಸಿತು. ಅಲ್ಲಿನ ಪರಕಾಲ ಮಠದಲ್ಲಿ ಇವರ ಶಾಸ್ತ್ರಾಧ್ಯಯನ ಮುಂದುವರಿಯಿತು.

ವಿದ್ಯಾಭ್ಯಾಸ

1906ರಲ್ಲಿ ಕೃಷ್ಣಮಾಚಾರ್ಯರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ತೆರಳಿದರು. ಕೆಲವು ವರ್ಷಗಳ ನಂತರ ಮೈಸೂರಿಗೆ ಮರಳಿ, ಮತ್ತೆ ಉತ್ತರ ಭಾರತಕ್ಕೆ ಹೋಗಿ ಸಂಸ್ಕೃತ ವ್ಯಾಕರಣ, ತರ್ಕ, ಮೀಮಾಂಸೆ ಹಾಗೂ ವೇದಾಂತಗಳಲ್ಲಿ ಪಾಂಡಿತ್ಯ ಗಳಿಸಿದರು. ಆಯುರ್ವೇದವನ್ನೂ ಕಲಿತರು. ನಾಡಿ ಪರೀಕ್ಷೆ, ಆಹಾರ ಕ್ರಮ ಮತ್ತು ಗಿಡಮೂಲಿಕೆಗಳ ಈ ತಿಳಿವಳಿಕೆ ಮುಂದೆ ಅವರ ಯೋಗ ಬೋಧನೆಯ ಭಾಗವಾಯಿತು.

ಅವರ ಜೀವನಚರಿತ್ರೆಗಳ ಪ್ರಕಾರ, ಹಿಮಾಲಯದಾಚೆ ಮಾನಸ ಸರೋವರದ ಸಮೀಪದಲ್ಲಿ ವಾಸಿಸುತ್ತಿದ್ದ ರಾಮಮೋಹನ ಬ್ರಹ್ಮಚಾರಿ ಎಂಬ ಗುರುವಿನ ಬಳಿ ಸುಮಾರು ಏಳೂವರೆ ವರ್ಷ ಯೋಗವನ್ನು ಅಭ್ಯಾಸ ಮಾಡಿದರು. ಊರಿಗೆ ಮರಳಿ ಗೃಹಸ್ಥನಾಗಿ ಬಾಳುತ್ತ ಯೋಗವನ್ನು ಕಲಿಸಬೇಕೆಂಬುದೇ ಗುರುದಕ್ಷಿಣೆಯಾಗಿ ಆ ಗುರು ಕೇಳಿದ್ದು ಎಂದು ಕುಟುಂಬದವರು ಹಾಗೂ ಶಿಷ್ಯರು ದಾಖಲಿಸಿದ್ದಾರೆ. ಈ ಅವಧಿಯ ವಿವರಗಳಿಗೆ ಕೃಷ್ಣಮಾಚಾರ್ಯರೇ ಹೇಳಿದ ನೆನಪುಗಳು ಮುಖ್ಯ ಆಧಾರವಾಗಿವೆ.

ಸಂಕಷ್ಟದ ದಿನಗಳು

ಹಲವು ಶಾಸ್ತ್ರಗಳಲ್ಲಿ ಪದವಿ ಪಡೆದಿದ್ದ ಕೃಷ್ಣಮಾಚಾರ್ಯರಿಗೆ ವಿದ್ವಾಂಸನಾಗಿ ಸುಖವಾಗಿ ಬದುಕುವ ಅವಕಾಶವಿತ್ತು. ಆದರೆ ಅವರು ಯೋಗ ಬೋಧನೆಯನ್ನೇ ವೃತ್ತಿಯಾಗಿ ಆರಿಸಿಕೊಂಡರು. ಆ ಕಾಲದಲ್ಲಿ ಯೋಗವೆಂದರೆ ಸಂನ್ಯಾಸಿಗಳಿಗೆ ಸೇರಿದ್ದು ಎಂಬ ಭಾವನೆ ವ್ಯಾಪಕವಾಗಿತ್ತು. ಸಂಸಾರಸ್ಥರು ಅದನ್ನು ಕಲಿಯುವ ರೂಢಿ ವಿರಳವಾಗಿತ್ತು. ನಾಮಗಿರಿಯಮ್ಮ ಅವರನ್ನು ವಿವಾಹವಾದ ನಂತರದ ವರ್ಷಗಳನ್ನು ದಂಪತಿಗಳು ತೀವ್ರ ಬಡತನದಲ್ಲಿ ಕಳೆದರು. ಜೀವನೋಪಾಯಕ್ಕಾಗಿ ಕೃಷ್ಣಮಾಚಾರ್ಯರು ಹಾಸನ ಪ್ರದೇಶದ ಕಾಫಿ ತೋಟವೊಂದರಲ್ಲಿ ಮೇಲ್ವಿಚಾರಕರಾಗಿ ದುಡಿದರು. ಬಿಡುವಿನ ವೇಳೆಯಲ್ಲಿ ಊರೂರಿಗೆ ಹೋಗಿ ಉಪನ್ಯಾಸ ಮತ್ತು ಆಸನಗಳ ಪ್ರಾತ್ಯಕ್ಷಿಕೆ ನೀಡುತ್ತಿದ್ದರು.

ಹಾಸನದಲ್ಲಿ 1927ರಲ್ಲಿ ನಡೆದ ಇಂತಹ ಒಂದು ಪ್ರಾತ್ಯಕ್ಷಿಕೆಯನ್ನು ಹನ್ನೆರಡು ವರ್ಷದ ಬಾಲಕನೊಬ್ಬ ಕಂಡು, ಮರುದಿನವೇ ಕಲಿಯಲು ಬಂದನು. ಕೌಶಿಕ ಗ್ರಾಮದ ಆ ಬಾಲಕನೇ ಮುಂದೆ ಅಷ್ಟಾಂಗ ವಿನ್ಯಾಸ ಯೋಗದ ಗುರುವಾಗಿ ಪ್ರಸಿದ್ಧರಾದ ಕೆ. ಪಟ್ಟಾಭಿ ಜೋಯಿಸ್.

ಮೈಸೂರಿನ ಯೋಗಶಾಲೆ

ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ಕೃಷ್ಣಮಾಚಾರ್ಯರ ಪಾಂಡಿತ್ಯವನ್ನು ಮೆಚ್ಚಿ ಅವರನ್ನು ಮೈಸೂರಿಗೆ ಆಹ್ವಾನಿಸಿದರು. ಮೊದಲು ಸಂಸ್ಕೃತ ಪಾಠಶಾಲೆಯಲ್ಲಿ ಬೋಧಿಸಿದ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಆರಂಭವಾದ ಯೋಗಶಾಲೆಯ ಹೊಣೆ ಹೊತ್ತರು. ಇಲ್ಲಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಅರಸು ಮನೆತನಗಳ ಹುಡುಗರಾಗಿದ್ದರು. ಚುರುಕು ದೇಹದ ಈ ಹುಡುಗರಿಗೆ ಉಸಿರಾಟದ ಲೆಕ್ಕಕ್ಕೆ ಸರಿಯಾಗಿ ಒಂದು ಆಸನದಿಂದ ಮತ್ತೊಂದಕ್ಕೆ ಸಾಗುವ ಶ್ರಮದಾಯಕ ಕ್ರಮವನ್ನು ಕಲಿಸಲಾಗುತ್ತಿತ್ತು. ಈ ಕ್ರಮಕ್ಕೆ ವಿನ್ಯಾಸ ಎಂದು ಹೆಸರು.

ಮಹಾರಾಜರ ಅಪೇಕ್ಷೆಯಂತೆ ಯೋಗದ ಪ್ರಚಾರಕ್ಕಾಗಿ ಕೃಷ್ಣಮಾಚಾರ್ಯರು ಶಿಷ್ಯರೊಡನೆ ಸಂಸ್ಥಾನದ ಒಳಗೂ ಹೊರಗೂ ಪ್ರವಾಸ ಕೈಗೊಂಡರು. ಜನರ ಗಮನ ಸೆಳೆಯಲು ಕಠಿಣ ಆಸನಗಳ ಜೊತೆಗೆ ನಾಡಿ ಬಡಿತವನ್ನು ತಡೆಹಿಡಿಯುವುದು, ಚಲಿಸುವ ಕಾರನ್ನು ಬರಿಗೈಯಿಂದ ನಿಲ್ಲಿಸುವುದು ಮುಂತಾದ ಸಾಹಸಗಳನ್ನೂ ತೋರಿಸುತ್ತಿದ್ದರು ಎಂಬ ವರ್ಣನೆಗಳಿವೆ. 1938ರಲ್ಲಿ ಚಿತ್ರೀಕರಿಸಿದ ಒಂದು ಮೂಕಚಿತ್ರದಲ್ಲಿ ಕೃಷ್ಣಮಾಚಾರ್ಯರು, ಅವರ ಪತ್ನಿ, ಮಕ್ಕಳು ಹಾಗೂ ಯುವಕ ಅಯ್ಯಂಗಾರ್ ಆಸನಗಳನ್ನು ಮಾಡುವ ದೃಶ್ಯಗಳು ಉಳಿದುಬಂದಿವೆ.

ಕೃತಿಗಳು

ಕೃಷ್ಣಮಾಚಾರ್ಯರು ಯೋಗದ ಬಗೆಗಿನ ತಮ್ಮ ಮೊದಲ ಪ್ರಮುಖ ಗ್ರಂಥಗಳನ್ನು ಕನ್ನಡದಲ್ಲಿ ರಚಿಸಿದರು. ಯೋಗ ಮಕರಂದ 1934ರಲ್ಲಿ ಪ್ರಕಟವಾಯಿತು. ಇದರಲ್ಲಿ ಆಸನಗಳ ಛಾಯಾಚಿತ್ರಗಳೊಂದಿಗೆ ಅವುಗಳನ್ನು ಮಾಡುವ ಕ್ರಮ, ಉಸಿರಾಟದ ನಿಯಮ ಹಾಗೂ ಪ್ರಯೋಜನಗಳ ವಿವರಣೆಯಿದೆ. 1941ರಲ್ಲಿ ಪ್ರಕಟವಾದ ಯೋಗಾಸನಗಳು ಎಂಬ ಪುಸ್ತಕದಲ್ಲಿ ಆಸನಗಳನ್ನು ಪ್ರಾಥಮಿಕ, ಮಧ್ಯಮ ಮತ್ತು ಪ್ರವೀಣ ಎಂಬ ಮೂರು ವರ್ಗಗಳಲ್ಲಿ ಪಟ್ಟಿ ಮಾಡಲಾಗಿದೆ. ಪ್ರತಿ ಆಸನದಲ್ಲಿ ಎಷ್ಟು ವಿನ್ಯಾಸಗಳಿವೆ, ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಎಲ್ಲಿ ಬಿಡಬೇಕು ಎಂಬುದನ್ನೂ ಈ ಪಟ್ಟಿ ಸೂಚಿಸುತ್ತದೆ. ಹೊಸಬರು ಎಲ್ಲಿಂದ ಪ್ರಾರಂಭಿಸಬೇಕು ಎಂಬುದಕ್ಕೆ ಕನ್ನಡದಲ್ಲಿ ದೊರೆತ ಆರಂಭದ ವ್ಯವಸ್ಥಿತ ಮಾರ್ಗದರ್ಶಿಗಳಲ್ಲಿ ಇದೂ ಒಂದು.

ಯೋಗ ರಹಸ್ಯ ಎಂಬ ಸಂಸ್ಕೃತ ಗ್ರಂಥವೂ ಇವರ ಹೆಸರಿನೊಂದಿಗೆ ಸೇರಿಕೊಂಡಿದೆ. ಹದಿನಾರನೆಯ ವಯಸ್ಸಿನಲ್ಲಿ ಆಳ್ವಾರ್ ತಿರುನಗರಿಯಲ್ಲಿ ತಮ್ಮ ಪೂರ್ವಜರಾದ ನಾಥಮುನಿಗಳ ದರ್ಶನವಾಗಿ, ಲುಪ್ತವಾಗಿದ್ದ ಈ ಗ್ರಂಥ ತಮಗೆ ಲಭಿಸಿತು ಎಂದು ಅವರು ಶಿಷ್ಯರಿಗೆ ಹೇಳಿದ್ದರು. ಇದು ಕೃಷ್ಣಮಾಚಾರ್ಯರ ಸ್ವಂತ ರಚನೆಯೇ ಇರಬೇಕೆಂದು ಹಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ಪ್ರಮುಖ ಶಿಷ್ಯರು

ಬಿ. ಕೆ. ಎಸ್. ಅಯ್ಯಂಗಾರ್ (1918–2014) ನಾಮಗಿರಿಯಮ್ಮ ಅವರ ಸಹೋದರ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಜನಿಸಿದ ಇವರು ಬಾಲ್ಯದಲ್ಲಿ ಮಲೇರಿಯಾ, ಟೈಫಾಯ್ಡ್ ಮತ್ತು ಕ್ಷಯರೋಗಗಳಿಂದ ಬಳಲಿದ್ದರು. 1934ರಲ್ಲಿ ಮೈಸೂರಿಗೆ ಬಂದಾಗ ಅವರ ದೇಹ ಎಷ್ಟು ಬಿಗಿದಿತ್ತೆಂದರೆ, ಮುಂದಕ್ಕೆ ಬಾಗಿದರೂ ಬೆರಳುಗಳು ನೆಲ ಮುಟ್ಟುತ್ತಿರಲಿಲ್ಲ. ಭಾವನವರ ಶಿಸ್ತು ಅತ್ಯಂತ ಕಠೋರವಾಗಿತ್ತೆಂದೂ, ಸಿದ್ಧತೆಯಿಲ್ಲದೆ ಮಾಡಬೇಕಾಗಿ ಬಂದ ಕ್ಲಿಷ್ಟ ಆಸನಗಳಿಂದ ತಮಗೆ ನೋವಾಯಿತೆಂದೂ ಅಯ್ಯಂಗಾರ್ ಮುಂದೆ ನೆನಪಿಸಿಕೊಂಡಿದ್ದಾರೆ. 1937ರಲ್ಲಿ ಕೃಷ್ಣಮಾಚಾರ್ಯರು ಅವರನ್ನು ಬೋಧನೆಗಾಗಿ ಪುಣೆಗೆ ಕಳುಹಿಸಿದರು. ದೇಹ ಬಾಗದವರೂ ಆಸನದ ಲಾಭ ಪಡೆಯಲೆಂದು ಹಗ್ಗ, ಮರದ ಇಟ್ಟಿಗೆ, ಕುರ್ಚಿ ಮತ್ತು ಪಟ್ಟಿಗಳ ಬಳಕೆಯನ್ನು ಅಯ್ಯಂಗಾರ್ ಅಲ್ಲಿ ವಿಸ್ತಾರವಾಗಿ ಬೆಳೆಸಿದರು.

ಕೆ. ಪಟ್ಟಾಭಿ ಜೋಯಿಸ್ (1915–2009) ಮೈಸೂರಿನಲ್ಲಿಯೇ ನೆಲೆಸಿ, ತಾವು ಕಲಿತ ವಿನ್ಯಾಸ ಕ್ರಮವನ್ನು ಅಷ್ಟಾಂಗ ವಿನ್ಯಾಸ ಯೋಗ ಎಂಬ ಹೆಸರಿನಲ್ಲಿ ಬೋಧಿಸಿದರು. ರಿಗಾ ನಗರದಲ್ಲಿ ಜನಿಸಿದ ಇಂದ್ರಾ ದೇವಿ (1899–2002) ಯೋಗಶಾಲೆಗೆ ಸೇರಲು ಬಂದಾಗ, ವಿದೇಶೀಯಳೂ ಸ್ತ್ರೀಯೂ ಎಂಬ ಕಾರಣಕ್ಕೆ ಕೃಷ್ಣಮಾಚಾರ್ಯರು ಮೊದಲು ನಿರಾಕರಿಸಿದ್ದರು. ಅರಮನೆಯ ಮಧ್ಯಸ್ಥಿಕೆಯಿಂದ ಪ್ರವೇಶ ದೊರೆತ ಬಳಿಕ ಆಹಾರ ಮತ್ತು ದಿನಚರಿಯ ಕಟ್ಟುನಿಟ್ಟಿನ ನಿಯಮಗಳನ್ನು ಅವರು ಪಾಲಿಸಿದರು. ಅಭ್ಯಾಸ ಪೂರ್ಣವಾದಾಗ ಇತರರಿಗೆ ಕಲಿಸುವಂತೆ ಗುರುಗಳೇ ಸೂಚಿಸಿದರು. ಇಂದ್ರಾ ದೇವಿ ಚೀನಾದ ಶಾಂಘೈನಲ್ಲಿ, ಬಳಿಕ ಅಮೆರಿಕದ ಹಾಲಿವುಡ್‌ನಲ್ಲಿ ಯೋಗ ತರಗತಿಗಳನ್ನು ಆರಂಭಿಸಿದರು. ಮುಂದಿನ ದಶಕಗಳಲ್ಲಿ ಕೃಷ್ಣಮಾಚಾರ್ಯರು ಸ್ತ್ರೀಯರ ಯೋಗಾಭ್ಯಾಸವನ್ನು ದೃಢವಾಗಿ ಬೆಂಬಲಿಸಿದರು.

ಯೋಗಶಾಲೆಯ ಮುಚ್ಚುಗಡೆ

1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ನಿಧನರಾದರು. ಸ್ವಾತಂತ್ರ್ಯಾನಂತರ ಸಂಸ್ಥಾನದ ಆಡಳಿತ ಜನಪ್ರತಿನಿಧಿಗಳ ಕೈಗೆ ಬಂದು ಅರಮನೆಯ ಆಶ್ರಯ ಕ್ಷೀಣಿಸಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಅರವತ್ತು ದಾಟಿದ್ದ ಕೃಷ್ಣಮಾಚಾರ್ಯರು ಮೂವರು ಪುತ್ರರು ಮತ್ತು ಮೂವರು ಪುತ್ರಿಯರಿದ್ದ ಸಂಸಾರದೊಂದಿಗೆ ಜೀವನೋಪಾಯವನ್ನು ಹೊಸದಾಗಿ ಹುಡುಕಬೇಕಾಯಿತು. ಕೆಲಕಾಲ ಬೆಂಗಳೂರಿನಲ್ಲಿದ್ದು, 1950ರ ದಶಕದ ಆರಂಭದಲ್ಲಿ ಮದ್ರಾಸಿಗೆ (ಇಂದಿನ ಚೆನ್ನೈ) ತೆರಳಿದರು. ಅಲ್ಲಿ ವಿವೇಕಾನಂದ ಕಾಲೇಜಿನಲ್ಲಿ ಯೋಗ ಬೋಧಿಸಿದರು.

ಮದ್ರಾಸಿನ ಬೋಧನೆ

ಮದ್ರಾಸಿನಲ್ಲಿ ಕೃಷ್ಣಮಾಚಾರ್ಯರ ಬಳಿಗೆ ಬಂದವರು ಅರಮನೆಯ ಹುಡುಗರಂತಿರಲಿಲ್ಲ. ಮಧ್ಯವಯಸ್ಕರು, ವೃದ್ಧರು, ಗೃಹಿಣಿಯರು, ಕಚೇರಿ ನೌಕರರು, ಸಕ್ಕರೆ ಕಾಯಿಲೆ, ಉಬ್ಬಸ ಅಥವಾ ಬೆನ್ನುನೋವಿನಿಂದ ಬಳಲುವವರು ಅವರಲ್ಲಿದ್ದರು. ಇವರಲ್ಲಿ ಹಲವರಿಗೆ ಪದ್ಮಾಸನವೂ ಅಸಾಧ್ಯವಾಗಿತ್ತು. ಈ ಪರಿಸ್ಥಿತಿಯಲ್ಲಿ ಅವರ ಬೋಧನಾ ಕ್ರಮ ಬದಲಾಯಿತು. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿಕೊಂಡು, ನಾಡಿ ನೋಡಿ, ಆಹಾರ, ನಿದ್ರೆ, ಉದ್ಯೋಗಗಳನ್ನು ವಿಚಾರಿಸಿದ ನಂತರವೇ ಅಭ್ಯಾಸವನ್ನು ನಿರ್ಧರಿಸುತ್ತಿದ್ದರು. ವ್ಯಕ್ತಿಗೆ ತಕ್ಕಂತೆ ಯೋಗವನ್ನು ಹೊಂದಿಸಬೇಕೇ ಹೊರತು ಯೋಗಕ್ಕೆ ವ್ಯಕ್ತಿಯನ್ನು ಬಗ್ಗಿಸಬಾರದು ಎಂಬುದು ಅವರ ಉತ್ತರಾರ್ಧದ ಬೋಧನೆಯ ತಿರುಳು.

ಇವರ ಪರಂಪರೆಯಲ್ಲಿ ಹೊಸಬರಿಗೆ ಅನುಸರಿಸುವ ಮುಖ್ಯ ತತ್ತ್ವಗಳು ಹೀಗಿವೆ:

ಉಸಿರಾಟ: ಚಲನೆಯು ಉಸಿರನ್ನು ಅನುಸರಿಸಬೇಕು. ಸಾಮಾನ್ಯವಾಗಿ ತೋಳುಗಳನ್ನು ಮೇಲೆತ್ತುವಾಗ ಉಸಿರು ತೆಗೆದುಕೊಳ್ಳುವುದು, ಮುಂದಕ್ಕೆ ಬಾಗುವಾಗ ಉಸಿರು ಬಿಡುವುದು ನಿಯಮ. ಉಸಿರು ಒರಟಾದರೆ ಅಥವಾ ತುಂಡಾದರೆ ಅದು ಶಕ್ತಿ ಮೀರಿದ ಪ್ರಯತ್ನದ ಸೂಚನೆ.

ಕ್ರಮ: ಸರಳ ಚಲನೆಗಳಿಂದ ದೇಹವನ್ನು ಸಿದ್ಧಗೊಳಿಸಿ ಕಠಿಣ ಆಸನಕ್ಕೆ ಹೋಗಬೇಕು. ಒಂದೇ ಆಸನದಲ್ಲಿ ದೀರ್ಘಕಾಲ ನಿಲ್ಲುವ ಮೊದಲು ಅದನ್ನು ಉಸಿರಿನೊಂದಿಗೆ ಹಲವು ಬಾರಿ ಮಾಡಿ ಬಿಡಬೇಕು.

ಪ್ರತಿಕ್ರಿಯಾಸನ: ಹಿಂದಕ್ಕೆ ಬಾಗುವಂತಹ ಶ್ರಮದ ಆಸನದ ನಂತರ ಅದರಿಂದ ಉಂಟಾದ ಬಿಗಿತವನ್ನು ಸಡಿಲಿಸುವ ಸುಲಭ ಆಸನವನ್ನು ಮಾಡಬೇಕು. ನಡುನಡುವೆ ವಿಶ್ರಾಂತಿ ಅಗತ್ಯ.

ವಯೋಭೇದ: ಬೆಳೆಯುವ ವಯಸ್ಸಿನವರಿಗೆ ದೇಹಬಲ ಮತ್ತು ಚುರುಕುತನ ಹೆಚ್ಚಿಸುವ ಆಸನಗಳು, ಸಂಸಾರ ಹಾಗೂ ಉದ್ಯೋಗದ ಹೊಣೆಯಿರುವ ಮಧ್ಯವಯಸ್ಕರಿಗೆ ಆರೋಗ್ಯ ಕಾಪಾಡುವಷ್ಟು ಆಸನ ಮತ್ತು ಪ್ರಾಣಾಯಾಮ, ವೃದ್ಧರಿಗೆ ಮೃದು ಚಲನೆಗಳೊಂದಿಗೆ ಪ್ರಾಣಾಯಾಮ ಹಾಗೂ ಧ್ಯಾನ ಸೂಕ್ತ.

ಮಾರ್ಪಾಡು: ಆಸನದ ಹೊರರೂಪಕ್ಕಿಂತ ಅದರ ಪ್ರಯೋಜನ ಮುಖ್ಯ. ಮುಂದಕ್ಕೆ ಬಾಗಲು ಕಷ್ಟವಾದವರು ಮೊಣಕಾಲುಗಳನ್ನು ಸ್ವಲ್ಪ ಮಡಿಸಬಹುದು. ನೆಲದಲ್ಲಿ ಕೂರಲಾಗದವರು ಕುರ್ಚಿಯಲ್ಲಿ ಕುಳಿತು ಅಭ್ಯಾಸ ಮಾಡಬಹುದು.

ಇಂಜಿನಿಯರಿಂಗ್ ಪದವೀಧರರಾಗಿದ್ದ ಪುತ್ರ ದೇಶಿಕಾಚಾರ್ ಅವರಿಗೆ ಮೊದಲು ಯೋಗದಲ್ಲಿ ಆಸಕ್ತಿಯಿರಲಿಲ್ಲ. ದೀರ್ಘಕಾಲದಿಂದ ನಿದ್ರೆಯಿಲ್ಲದೆ ಬಳಲಿದ್ದ ವಿದೇಶೀ ಮಹಿಳೆಯೊಬ್ಬರು, ಹಿಂದಿನ ರಾತ್ರಿ ಚೆನ್ನಾಗಿ ನಿದ್ರಿಸಿದ ಸಂತೋಷದಲ್ಲಿ ಮನೆಯ ಮುಂದೆಯೇ ತಮ್ಮ ಸಂಪ್ರದಾಯಸ್ಥ ತಂದೆಯನ್ನು ಅಪ್ಪಿಕೊಂಡದ್ದನ್ನು ಕಂಡು ಅವರು ಅಚ್ಚರಿಗೊಂಡರು. ಈ ಘಟನೆಯ ಬಳಿಕ, 1960ರ ದಶಕದ ಆರಂಭದಲ್ಲಿ, ದೇಶಿಕಾಚಾರ್ ಉದ್ಯೋಗದ ಯೋಚನೆ ಬಿಟ್ಟು ತಂದೆಯ ಶಿಷ್ಯರಾದರು. 1976ರಲ್ಲಿ ಅವರು ಮದ್ರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗ ಮಂದಿರಂ ಸಂಸ್ಥೆಯನ್ನು ಸ್ಥಾಪಿಸಿದರು.

ವಿದ್ವಾಂಸರ ಚರ್ಚೆ

ಕೃಷ್ಣಮಾಚಾರ್ಯರ ಆಸನ ಕ್ರಮದ ಮೂಲದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಯೋಗ ಕುರುಂಟ ಎಂಬ ಪ್ರಾಚೀನ ಗ್ರಂಥವು ಇದಕ್ಕೆ ಆಧಾರವೆಂದು ಶಿಷ್ಯ ಪರಂಪರೆ ನಂಬುತ್ತದೆ. ಆದರೆ ಅದರ ಪ್ರತಿ ಲಭ್ಯವಿಲ್ಲ. ನಾರ್ಮನ್ ಸ್ಜೋಮನ್ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಕಾಲದ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿರುವುದನ್ನು ಎತ್ತಿ ತೋರಿಸಿ, ಅರಮನೆಯ ವ್ಯಾಯಾಮ ಪದ್ಧತಿಗಳ ಪ್ರಭಾವವನ್ನು ಚರ್ಚಿಸಿದ್ದಾರೆ. ಮಾರ್ಕ್ ಸಿಂಗಲ್ಟನ್ 2010ರ ತಮ್ಮ ಕೃತಿಯಲ್ಲಿ, ಆ ಕಾಲದ ಭಾರತದಲ್ಲಿ ಜನಪ್ರಿಯವಾಗಿದ್ದ ಯುರೋಪಿನ ವ್ಯಾಯಾಮ ಪದ್ಧತಿಗಳೊಂದಿಗೂ ಇದಕ್ಕೆ ಸಂಬಂಧವಿದೆ ಎಂದು ವಾದಿಸಿದ್ದಾರೆ. ಶಿಷ್ಯ ಪರಂಪರೆಯವರಲ್ಲಿ ಅನೇಕರು ಈ ವಾದವನ್ನು ಒಪ್ಪುವುದಿಲ್ಲ.

ಕೊನೆಯ ದಿನಗಳು

ತೊಂಬತ್ತಾರನೆಯ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಕೃಷ್ಣಮಾಚಾರ್ಯರು ಶಸ್ತ್ರಚಿಕಿತ್ಸೆಗೆ ಒಪ್ಪಲಿಲ್ಲ. ಹಾಸಿಗೆಯಲ್ಲಿ ಮಲಗಿಯೇ ಮಾಡಬಹುದಾದ ಅಭ್ಯಾಸ ಕ್ರಮವೊಂದನ್ನು ತಮಗಾಗಿ ತಾವೇ ರೂಪಿಸಿಕೊಂಡರು. ನೂರು ವರ್ಷ ತುಂಬಿದಾಗಲೂ ಪಾಠ ಮತ್ತು ವೇದ ಪಠಣಗಳನ್ನು ಮುಂದುವರಿಸಿದ್ದರು. 1989ರ ಫೆಬ್ರವರಿ 28ರಂದು ಮದ್ರಾಸಿನಲ್ಲಿ ನಿಧನರಾದರು.

ಪ್ರಭಾವ

ಅಯ್ಯಂಗಾರ್ ಯೋಗ, ಅಷ್ಟಾಂಗ ವಿನ್ಯಾಸ ಯೋಗ ಮತ್ತು ದೇಶಿಕಾಚಾರ್ ಅವರ ವ್ಯಕ್ತಿಗತ ಬೋಧನಾ ಕ್ರಮ ಒಬ್ಬರೇ ಗುರುವಿನಿಂದ ಹೊರಟರೂ ಪರಸ್ಪರ ಬಹಳ ಭಿನ್ನವಾಗಿವೆ. ಮೊದಲನೆಯದರಲ್ಲಿ ದೇಹದ ನಿಖರ ಜೋಡಣೆಗೂ, ಎರಡನೆಯದರಲ್ಲಿ ನಿರಂತರ ಚಲನೆಗೂ, ಮೂರನೆಯದರಲ್ಲಿ ಅಭ್ಯಾಸಿಯ ಅಗತ್ಯಕ್ಕೂ ಹೆಚ್ಚಿನ ಒತ್ತಿದೆ. ಶಿಷ್ಯರು ಕಲಿತ ಕಾಲ, ಅವರ ವಯಸ್ಸು ಮತ್ತು ದೇಹಸ್ಥಿತಿಗಳ ವ್ಯತ್ಯಾಸ ಇದಕ್ಕೆ ಒಂದು ಕಾರಣವೆಂದು ಪರಿಗಣಿಸಲಾಗಿದೆ. ಕೃಷ್ಣಮಾಚಾರ್ಯರ ಕನ್ನಡ ಕೃತಿ ಯೋಗ ಮಕರಂದ ತಮಿಳು ಮತ್ತು ಇಂಗ್ಲಿಷ್ ಭಾಷೆಗಳಿಗೆ ಅನುವಾದಗೊಂಡಿದೆ.