ಬೇಹುಗಾರರ ಕುರ್ಚಿಗೆ ಬಂದ ಜನರಲ್

1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಅಮೆರಿಕ ಬೆಚ್ಚಿಬಿತ್ತು. ಸಿಐಎ ಹುಟ್ಟಿ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಭೂಸೇನೆ, ನೌಕಾಪಡೆ, ವಾಯುಪಡೆಗಳಿಗೆ ತಮ್ಮದೇ ಗುಪ್ತಚರ ವಿಭಾಗಗಳಿದ್ದವು. ತಮಗೆ ತಿಳಿದದ್ದನ್ನು ಹಂಚಿಕೊಳ್ಳಲು ಅವಕ್ಕೆ ಮನಸ್ಸಿರಲಿಲ್ಲ. ಸಿಐಎ ನಿರ್ದೇಶಕ ಹಿಲೆನ್‌ಕೋಟರ್ ರಿಯರ್ ಅಡ್ಮಿರಲ್ ಅಷ್ಟೆ. ಅವರಿಗಿಂತ ಮೇಲಿನ ಹುದ್ದೆಯವರು ಸೊಪ್ಪು ಹಾಕಲಿಲ್ಲ.

ಅಕ್ಟೋಬರ್‌ನಲ್ಲಿ ಆ ಕುರ್ಚಿಗೆ ವಾಲ್ಟರ್ ಬೆಡೆಲ್ ಸ್ಮಿತ್ ಬಂದರು. 1895ರಲ್ಲಿ ಇಂಡಿಯಾನಾಪೊಲಿಸ್‌ನಲ್ಲಿ ಹುಟ್ಟಿದ ಇವರು ಪದವಿ ಮುಗಿಸಿದವರಲ್ಲ, ವೆಸ್ಟ್ ಪಾಯಿಂಟ್ ಮೆಟ್ಟಿಲು ಹತ್ತಿದವರೂ ಅಲ್ಲ. ಸಾಮಾನ್ಯ ಸಿಪಾಯಿಯಾಗಿ ಸೇರಿ, ಎರಡನೇ ಮಹಾಯುದ್ಧದಲ್ಲಿ ಐಸೆನ್‌ಹೋವರ್ ಅವರ ಬಲಗೈಯಾಗಿದ್ದವರು. 1945ರಲ್ಲಿ ಜರ್ಮನಿಯ ಶರಣಾಗತಿ ಪತ್ರಕ್ಕೆ ಐಸೆನ್‌ಹೋವರ್ ಪರವಾಗಿ ಸಹಿ ಹಾಕಿದ್ದೂ ಇವರೇ. ಈಗಷ್ಟೇ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಸೊರಗಿದ್ದರು. ಸಿಡುಕು ಮಾತ್ರ ಸೊರಗಿರಲಿಲ್ಲ!

ಸೇನಾ ಗುಪ್ತಚರ ಮುಖ್ಯಸ್ಥರನ್ನು ಸ್ಮಿತ್ ದೂರ ತಳ್ಳಲಿಲ್ಲ. ಹೆಸರಿಗಷ್ಟೇ ಇದ್ದ ಸಲಹಾ ಸಮಿತಿಯನ್ನು ತಾವೇ ನಡೆಸಿ, ದೇಶದ ಭದ್ರತೆಯ ಅಂದಾಜು ವರದಿಗಳನ್ನು ಅವರೆದುರೇ ಚರ್ಚೆಗಿಟ್ಟರು. ಒಪ್ಪದವರ ಭಿನ್ನಮತಕ್ಕೂ ವರದಿಯಲ್ಲಿ ಜಾಗವಿತ್ತು. ಕೊನೆಯ ಮಾತು ಮಾತ್ರ ನಿರ್ದೇಶಕರದು. ಜನರಲ್‌ಗಳು ಇನ್ನೊಬ್ಬ ಜನರಲ್‌ಗೆ ಇಲ್ಲವೆನ್ನುವುದು ಸುಲಭವೇ?

ಹಾಗೆಂದು ಎಲ್ಲವೂ ಸರಿಹೋಗಲಿಲ್ಲ. ಅದೇ ನವೆಂಬರ್‌ನಲ್ಲಿ ಚೀನಾ ದೊಡ್ಡ ಸೈನ್ಯದೊಂದಿಗೆ ಮೇಲೆ ಬಿದ್ದಾಗ ಸಿಐಎ ಅಂದಾಜು ಮತ್ತೆ ತಪ್ಪಿತ್ತು.

1953ರಲ್ಲಿ ಸ್ಮಿತ್ ಹೊರಟರು, 1961ರಲ್ಲಿ ತೀರಿಕೊಂಡರು. ಅವರ ನಂತರ ನಿರ್ದೇಶಕರಾದ ಅಲೆನ್ ಡಲೆಸ್ ವಕೀಲರು. ಸೇನೆಯವರು ಮಾತ್ರ ಅದೇ ಸಮಿತಿಯಲ್ಲಿ ಕೂರುತ್ತಲೇ ಇದ್ದರು.